ಸೈರನ್ನಿನ ಹಿಂದಿರುವ ಗಡಿಯಾರ

ಸಮಯವಿಲ್ಲವೆಂದು ದೂರದವರು ನಮ್ಮಲ್ಲಿ ಯಾರಿದ್ದಾರೆ? ಮಕ್ಕಳ ಓದಿಗೆ ಸಮಯ ಸಾಲದು, ಮನೆಗೆಲಸಕ್ಕೆ ಸಮಯ ಸಾಲದು, ಕಛೇರಿಯ ಕಡತಗಳಿಗೆ ಸಮಯ ಸಾಲದು. ಕೊನೆಗೆ ಭಾನುವಾರದ ಪೂಜೆಗೆ ಬಂದು ಮುಟ್ಟುವಾಗಲೂ ಪ್ರವೇಶ ಗೀತೆ ಮುಗಿದು ಮೊದಲನೆಯ ವಾಚನ ಆರಂಭವಾಗಿರುತ್ತದೆ. ತಡವಾದುದಕ್ಕೆ ನಾವು ಒಂದು ಕಾರಣವನ್ನು ಹೇಳುತ್ತೇವೆ, ಕೇಳಿದವರು ಒಪ್ಪಿಕೊಳ್ಳುತ್ತಾರೆ, ಅಲ್ಲಿಗೆ ಆ ವಿಷಯ ಮುಗಿಯುತ್ತದೆ. ಆದರೆ ಇಂತಹ ಕಾರಣಗಳನ್ನು ಹೇಳುವ ಅವಕಾಶವೇ ಇಲ್ಲದ ಒಂದು ಕಾರ್ಯಕರ್ತರ ವರ್ಗ ನಮ್ಮ ನಡುವೆ ಇದೆ. ಹಗಲಿರುಳೆನ್ನದೆ ನಮ್ಮ ರಸ್ತೆಗಳಲ್ಲಿ ಸೈರನ್ ಮೊಳಗಿಸುತ್ತ ಸಾಗುವ ಆಂಬುಲೆನ್ಸಿನ ಚಾಲಕರು, ಅದರೊಳಗೆ ರೋಗಿಯ ಪಕ್ಕದಲ್ಲಿ ಕುಳಿತಿರುವ ತುರ್ತು ವೈದ್ಯಕೀಯ ತಂತ್ರಜ್ಞರು, ಆಸ್ಪತ್ರೆಯ ಬಾಗಿಲಲ್ಲಿ ಅವರನ್ನು ಎದುರುಗೊಳ್ಳುವ ದಾದಿಯರು ಮತ್ತು ವೈದ್ಯರು ಆ ವರ್ಗಕ್ಕೆ ಸೇರಿದವರು. ಅವರು ಸಮಯವನ್ನು ಹೇಗೆ ಬಳಸುತ್ತಾರೆ ಎಂಬುದನ್ನು ತಿಳಿದುಕೊಳ್ಳುವುದು ಕೇವಲ ಕುತೂಹಲದ ವಿಷಯವಲ್ಲ. ಒಂದಲ್ಲ ಒಂದು ದಿನ ಅವರ ಗಡಿಯಾರದ ಮೇಲೆಯೇ ನಮ್ಮ ಮನೆಯವರ ಪ್ರಾಣ ನಿಂತಿರಬಹುದು.

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿದ್ದ ದಿನಗಳಲ್ಲಿ ಸಂತ ಅಗಸ್ಟೀನರ ‘ಕನ್ಫೆಶನ್ಸ್’ ಗ್ರಂಥದ ಹನ್ನೊಂದನೆಯ ಭಾಗ ನಮ್ಮನ್ನು ಬಹಳವಾಗಿ ಕಾಡಿತ್ತು. ಕಾಲವೆಂದರೇನು ಎಂಬ ಪ್ರಶ್ನೆಯನ್ನು ಅವರು ಅಲ್ಲಿ ಎತ್ತಿಕೊಳ್ಳುತ್ತಾರೆ. ಕಾಲವನ್ನು ನಾವು ಅಳೆಯುವುದು ಹೊರಗಿನ ಗ್ರಹತಾರೆಗಳಲ್ಲಿ ಅಲ್ಲ, ನಮ್ಮ ಮನಸ್ಸಿನಲ್ಲಿ. ಕಳೆದುದು ನೆನಪಾಗಿ, ಈಗಿರುವುದು ಗಮನವಾಗಿ, ಬರಲಿರುವುದು ನಿರೀಕ್ಷೆಯಾಗಿ ಅಲ್ಲಿ ನೆಲೆಸಿರುತ್ತದೆ ಎಂಬುದು ಅವರ ವಿಚಾರದ ಸಾರ. ಅಂದು ಅದು ಕೇವಲ ಪರೀಕ್ಷೆಗಾಗಿ ಓದುವ ಸಂಗತಿಯಾಗಿ ತೋರಿತ್ತು. ಆಂಬುಲೆನ್ಸಿನಲ್ಲಿ ದುಡಿಯುವವರ ಕೆಲಸವನ್ನು ಹತ್ತಿರದಿಂದ ಕಂಡ ಮೇಲೆ ಅದರ ಅರ್ಥ ಬೇರೆಯೇ ಆಯಿತು. ಕಲಿತ ವಿದ್ಯೆಯ ನೆನಪು, ಮುಂದಿರುವ ರೋಗಿಯ ಮೇಲಿನ ಗಮನ, ಮುಂದಿನ ಐದು ನಿಮಿಷದಲ್ಲಿ ಏನಾಗಬಹುದೆಂಬ ನಿರೀಕ್ಷೆ, ಈ ಮೂರನ್ನೂ ಏಕಕಾಲದಲ್ಲಿ ಹಿಡಿದುಕೊಂಡಿರುವುದೇ ಅವರ ಸಮಯಪಾಲನೆ.

ರಣರಂಗದಿಂದ ರಸ್ತೆಗೆ

ಗಾಯಾಳುವಿದ್ದಲ್ಲಿಗೇ ಚಿಕಿತ್ಸೆ ಹೋಗಬೇಕು ಎಂಬ ವಿಚಾರ ಬಹಳ ಹಳೆಯದೇನೂ ಅಲ್ಲ. ಹದಿನಾರನೆಯ ಶತಮಾನದಲ್ಲಿ ಇಟಲಿಯ ಸಂತ ಕಮಿಲಸರು ತಾವೇ ಸೈನಿಕರಾಗಿದ್ದು, ಕಾಲಿನ ಮಾಯದ ಹುಣ್ಣಿನಿಂದ ರೋಮಿನ ಆಸ್ಪತ್ರೆಯನ್ನು ಸೇರಿ, ಅಲ್ಲಿನ ರೋಗಿಗಳ ದುಃಸ್ಥಿತಿಯನ್ನು ಕಣ್ಣಾರೆ ಕಂಡವರು. ಅವರು ಕಟ್ಟಿದ ಸಂಘಕ್ಕೆ 1586ರಲ್ಲಿ ಜಗದ್ಗುರುಗಳ ಒಪ್ಪಿಗೆ ದೊರೆಯಿತು. ಆ ಸಂಘದ ಸದಸ್ಯರು ಎದೆಯ ಮೇಲೆ ಕೆಂಪು ಶಿಲುಬೆಯನ್ನು ಧರಿಸಿ, 1595ರಲ್ಲಿ ಸೈನ್ಯದೊಂದಿಗೆ ಹಂಗೆರಿಯ ಯುದ್ಧಭೂಮಿಗೆ ತೆರಳಿ ಗಾಯಾಳುಗಳ ಶುಶ್ರೂಷೆ ಮಾಡಿದರು.

ಆದರೆ ಸಮಯಕ್ಕೂ ಪ್ರಾಣಕ್ಕೂ ಇರುವ ನಂಟನ್ನು ವ್ಯವಸ್ಥೆಯ ರೂಪಕ್ಕೆ ತಂದವನು ಫ್ರೆಂಚ್ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆ. 1792ರ ಸುಮಾರಿಗೆ ಸೈನ್ಯದ ಚಿಕಿತ್ಸಾ ಗಾಡಿಗಳು ರಣರಂಗದಿಂದ ಬಹುದೂರ ನಿಲ್ಲುತ್ತಿದ್ದುವು; ಯುದ್ಧ ಮುಗಿದ ಬಳಿಕವೇ ಗಾಯಾಳುಗಳನ್ನು ಆಯ್ದುಕೊಳ್ಳುತ್ತಿದ್ದುವು. ಅಷ್ಟು ಹೊತ್ತಿಗೆ ಅನೇಕರು ಸತ್ತಿರುತ್ತಿದ್ದರು. ಕುದುರೆಗಳೆಳೆಯುವ ಫಿರಂಗಿಗಳು ಅಷ್ಟು ವೇಗವಾಗಿ ಚಲಿಸಬಹುದಾದರೆ ಚಿಕಿತ್ಸೆಯ ಗಾಡಿಗಳು ಏಕೆ ಚಲಿಸಬಾರದು ಎಂದು ಲಾರೆ ಯೋಚಿಸಿದ. ಹಗುರವಾದ ಗಾಡಿಗಳನ್ನು ಕಟ್ಟಿಸಿ ಅವುಗಳನ್ನು ‘ಹಾರುವ ಆಂಬುಲೆನ್ಸ್’ ಎಂದು ಕರೆದ. ಅಷ್ಟೇ ಅಲ್ಲ, ಚಿಕಿತ್ಸೆಯ ಸರದಿಯನ್ನು ಪದವಿಯಾಗಲಿ, ಸ್ವದೇಶ ಪರದೇಶವೆಂಬ ಭೇದವಾಗಲಿ ನಿರ್ಧರಿಸಕೂಡದು, ಗಾಯದ ತೀವ್ರತೆಯೇ ನಿರ್ಧರಿಸಬೇಕು ಎಂಬ ನಿಯಮವನ್ನು ಪಾಲಿಸಿದ. ಜನರಲ್ ಕಾಯಬೇಕು, ಸಾಯುತ್ತಿರುವ ಸಿಪಾಯಿ ಮೊದಲು ಎಂಬ ಈ ಮಾತು ಅಂದಿನ ಕಾಲಕ್ಕೆ ಸಣ್ಣದಾಗಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಹಾದಿ ಮುಂದುವರಿಯಿತು. ಹೃದಯಾಘಾತಕ್ಕೊಳಗಾದ ಅನೇಕರು ಆಸ್ಪತ್ರೆ ತಲುಪುವ ಮೊದಲೇ ಅಸುನೀಗುವುದನ್ನು ಗಮನಿಸಿದ ಉತ್ತರ ಐರ್ಲೆಂಡಿನ ವೈದ್ಯ ಫ್ರಾಂಕ್ ಪ್ಯಾಂಟ್ರಿಜ್, 1966ರಲ್ಲಿ ಬೆಲ್ಫಾಸ್ಟ್ ನಗರದಲ್ಲಿ ಹೃದಯಕ್ಕೆ ವಿದ್ಯುದಾಘಾತ ನೀಡುವ ಯಂತ್ರವನ್ನೇ ಗಾಡಿಯಲ್ಲಿರಿಸಿ ರೋಗಿಯ ಮನೆಗೆ ಕೊಂಡೊಯ್ದರು. ಮರುವರ್ಷ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ, ನಿರುದ್ಯೋಗಿಗಳೆಂದು ಸಮಾಜ ಬದಿಗೊತ್ತಿದ್ದ ಕರಿಯ ಯುವಕರಿಗೆ ತರಬೇತಿ ನೀಡಿ ‘ಫ್ರೀಡಮ್ ಹೌಸ್’ ಎಂಬ ಆಂಬುಲೆನ್ಸ್ ಸೇವೆಯನ್ನು ಕಟ್ಟಲಾಯಿತು. ವೈದ್ಯ ಪೀಟರ್ ಸಾಫರ್ ಅವರ ಪಾಠಕ್ರಮದಲ್ಲಿ ಪಳಗಿದ ಆ ಯುವಕರು ಇಂದಿನ ತುರ್ತು ವೈದ್ಯಕೀಯ ಸೇವೆಗೆ ದಾರಿ ತೋರಿದವರಲ್ಲಿ ಸೇರಿದ್ದಾರೆ.

ನಮ್ಮ ಬಾಲ್ಯದಲ್ಲಿ ಹಳ್ಳಿಯ ರೋಗಿಯನ್ನು ಕುರ್ಚಿಗೆ ಬಿದಿರು ಕಟ್ಟಿ ಹೊತ್ತು, ಗದ್ದೆಯ ಬದುವಿನ ಮೇಲೆ ನಡೆದು ಡಾಂಬರು ರಸ್ತೆಗೆ ತಂದು, ಸಿಕ್ಕಿದ ಜೀಪನ್ನೋ ಟ್ಯಾಕ್ಸಿಯನ್ನೋ ಕೈಯೆತ್ತಿ ನಿಲ್ಲಿಸುತ್ತಿದ್ದುದನ್ನು ಬಲ್ಲ ಹಿರಿಯರು ಇಂದಿಗೂ ಇದ್ದಾರೆ. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಎಂಬ ಮೂರಂಕಿಯ ಸೇವೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಜನರ ಕೈಗೆ ಬಂದಿತು. ಅದರಲ್ಲಿ ಚಾಲಕನನ್ನು ‘ಪೈಲಟ್’ ಎಂದು ಕರೆಯುವ ವಾಡಿಕೆಯಿದೆ. ಆ ಹೆಸರಿನಲ್ಲಿ ಗೌರವವೂ ಇದೆ, ಹೊಣೆಯೂ ಇದೆ.

ಒಂದು ಕರೆಯ ನಿಮಿಷಗಳು

ಹೊರಗಿನಿಂದ ನೋಡುವವರಿಗೆ ಆಂಬುಲೆನ್ಸಿನ ಸಮಯವೆಂದರೆ ಅದರ ವೇಗ ಮಾತ್ರ. ಆದರೆ ಒಳಗಿರುವವರಿಗೆ ಒಂದು ಕರೆಯ ಸಮಯ ಹಲವು ತುಂಡುಗಳಾಗಿ ಒಡೆದಿರುತ್ತದೆ. ಕರೆಯನ್ನು ಸ್ವೀಕರಿಸಿ ವಿಷಯ ತಿಳಿಯುವ ಸಮಯ, ಹತ್ತಿರದ ವಾಹನವನ್ನು ಗುರುತಿಸಿ ಹೊರಡಿಸುವ ಸಮಯ, ದಾರಿಯ ಸಮಯ, ಬಾಗಿಲಿನಿಂದ ರೋಗಿಯವರೆಗೆ ಹೋಗುವ ಸಮಯ, ಸ್ಥಳದಲ್ಲಿ ನೀಡುವ ಚಿಕಿತ್ಸೆಯ ಸಮಯ, ಆಸ್ಪತ್ರೆಗೆ ಸಾಗಿಸುವ ಸಮಯ, ರೋಗಿಯನ್ನು ವೈದ್ಯರ ವಶಕ್ಕೆ ಒಪ್ಪಿಸುವ ಸಮಯ, ಕೊನೆಗೆ ವಾಹನವನ್ನು ಶುಚಿಗೊಳಿಸಿ ಮುಂದಿನ ಕರೆಗೆ ಸಿದ್ಧಪಡಿಸುವ ಸಮಯ. ಇವುಗಳಲ್ಲಿ ಚಾಲಕನ ಕಾಲಿನ ಕೆಳಗಿರುವುದು ಎರಡು ಭಾಗ ಮಾತ್ರ. ಉಳಿದವು ಕ್ರಮ, ಅಭ್ಯಾಸ ಮತ್ತು ವಿವೇಕವನ್ನು ಅವಲಂಬಿಸಿವೆ.

ನೆರೆಯ ಧರ್ಮಕೇಂದ್ರದ ಯುವಕನೊಬ್ಬ ಏಳು ವರ್ಷಗಳಿಂದ ಈ ಸೇವೆಯಲ್ಲಿದ್ದಾನೆ. ಒಮ್ಮೆ ಅವನೊಡನೆ ಮಾತನಾಡುತ್ತ, “ರೋಗಿಯ ಮನೆ ತಲುಪಿದ ಕೂಡಲೇ ನೀವು ಓಡುತ್ತೀರಲ್ಲವೇ?” ಎಂದು ಕೇಳಿದೆ. ಅವನು ನಕ್ಕು, “ಇಲ್ಲ ಫಾದರ್, ನಾವು ಓಡುವುದಿಲ್ಲ, ಬೇಗ ಬೇಗ ನಡೆಯುತ್ತೇವೆ. ಓಡಿದರೆ ಎಡವುತ್ತೇವೆ, ಏದುಸಿರು ಬರುತ್ತದೆ, ಕೈ ನಡುಗುತ್ತದೆ. ನಡುಗುವ ಕೈಗೆ ನಾಡಿ ಸಿಗುವುದಿಲ್ಲ” ಎಂದ. ಅವನ ಸಮಯ ಉಳಿಯುವುದು ಓಟದಲ್ಲಲ್ಲ, ಸಿದ್ಧತೆಯಲ್ಲಿ. ಪಾಳಿ ಆರಂಭವಾದೊಡನೆ ಅವನ ಮೊದಲ ಕೆಲಸ ತಪಾಸಣೆ. ಆಮ್ಲಜನಕದ ಸಿಲಿಂಡರಿನಲ್ಲಿ ಎಷ್ಟಿದೆ, ಕಫವನ್ನು ಹೀರುವ ಯಂತ್ರ ನಡೆಯುತ್ತಿದೆಯೇ, ಬ್ಯಾಟರಿಗಳು ತುಂಬಿವೆಯೇ, ಹೆರಿಗೆಯ ಸಾಮಗ್ರಿಗಳ ಕಟ್ಟು ತೆರೆಯದೆ ಇದೆಯೇ, ಸ್ಟ್ರೆಚರಿನ ಚಕ್ರ ಸರಿಯಿದೆಯೇ ಎಂದು ಒಂದೊಂದನ್ನೇ ನೋಡುತ್ತಾನೆ. ಪ್ರತಿಯೊಂದು ವಸ್ತುವಿಗೂ ಒಂದು ಜಾಗ. ಆ ಜಾಗ ಬದಲಾಗಬಾರದು. ಕತ್ತಲಲ್ಲಿ ಕಣ್ಣು ಮುಚ್ಚಿ ಕೈಹಾಕಿದರೂ ಬೇಕಾದುದು ಕೈಗೆ ಸಿಗಬೇಕು. ಬೆಳಗ್ಗೆ ವ್ಯಯಿಸಿದ ಹತ್ತು ನಿಮಿಷ ರಾತ್ರಿಯ ಅರ್ಧ ನಿಮಿಷವನ್ನು ಉಳಿಸುತ್ತದೆ. ಲೆಕ್ಕಕ್ಕೆ ಇದು ನಷ್ಟವೆಂದು ಕಾಣಬಹುದು, ಆದರೆ ಆ ಅರ್ಧ ನಿಮಿಷದ ಬೆಲೆ ಬೇರೆ.

ಎಲ್ಲ ನಿಮಿಷಗಳೂ ಒಂದೇ ಅಲ್ಲ

ಗ್ರೀಕರು ಕಾಲಕ್ಕೆ ಎರಡು ಪದಗಳನ್ನು ಬಳಸುತ್ತಿದ್ದರು. ಗಡಿಯಾರದಂತೆ ಸಮನಾಗಿ ಹರಿಯುವ ಕಾಲ ‘ಕ್ರೋನೋಸ್’. ಒಂದು ಕಾರ್ಯಕ್ಕೆ ತಕ್ಕುದಾಗಿ ಒದಗಿ ಬರುವ ಸಂದರ್ಭ ‘ಕೈರೋಸ್’. ತುರ್ತು ಚಿಕಿತ್ಸೆಯಲ್ಲಿ ಈ ಭೇದ ಕಣ್ಣಿಗೆ ಕಟ್ಟುವಂತಿದೆ.

ಹೃದಯ ಸ್ತಂಭನವಾದಾಗ ಮೆದುಳಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ನಾಲ್ಕರಿಂದ ಆರು ನಿಮಿಷಗಳಲ್ಲಿ ಮೆದುಳಿಗೆ ಶಾಶ್ವತ ಹಾನಿ ಆರಂಭವಾಗಬಹುದು. ವಿದ್ಯುದಾಘಾತದಿಂದ ಸರಿಪಡಿಸಬಹುದಾದ ಸ್ತಂಭನದಲ್ಲಿ ಎದೆಯೊತ್ತುವ ಶುಶ್ರೂಷೆಯೂ ಇಲ್ಲದೆ ಕಳೆಯುವ ಪ್ರತಿಯೊಂದು ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ. ಇಂತಹ ರೋಗಿಯನ್ನು ಅವಸರದಲ್ಲಿ ವಾಹನಕ್ಕೆ ತುಂಬಿಕೊಂಡು ಹೊರಡುವುದಕ್ಕಿಂತ ಬಿದ್ದಲ್ಲಿಯೇ ಎದೆಯೊತ್ತಲಾರಂಭಿಸುವುದು ಮೇಲು. ಒತ್ತುವವನು ದಣಿದರೆ ಒತ್ತಡ ಸಡಿಲವಾಗುವುದರಿಂದ ಎರಡು ನಿಮಿಷಕ್ಕೊಮ್ಮೆ ಒಬ್ಬರ ಸ್ಥಾನಕ್ಕೆ ಇನ್ನೊಬ್ಬರು ಬರಬೇಕು. ನಾಡಿಯನ್ನು ಹುಡುಕುತ್ತ ಹತ್ತು ಸೆಕೆಂಡುಗಳಿಗಿಂತ ಹೆಚ್ಚು ಕಳೆಯಬಾರದು.

ಆದರೆ ಅಪಘಾತದಲ್ಲಿ ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತಿರುವವನ ಸ್ಥಿತಿ ಇದಕ್ಕೆ ವಿರುದ್ಧ. ಅವನಿಗೆ ಬೇಕಾದುದು ಶಸ್ತ್ರಚಿಕಿತ್ಸೆಯ ಮೇಜು. ರಸ್ತೆಯ ಬದಿಯಲ್ಲಿ ಎಷ್ಟು ಶ್ರಮಿಸಿದರೂ ಒಳಗಿನ ರಕ್ತ ನಿಲ್ಲದು. ಆದುದರಿಂದ ಸಿಲುಕಿಕೊಂಡಿರದ ಗಾಯಾಳುವಿನ ಬಳಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದೆಂದು ಕಲಿಸುತ್ತಾರೆ. ಪಾರ್ಶ್ವವಾಯುವಿನಲ್ಲಿ ಇನ್ನೊಂದು ಬಗೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಆ ಗಂಟೆಗಳನ್ನು ಎಣಿಸುವುದು ರೋಗಿ ಕೊನೆಯ ಬಾರಿ ಸರಿಯಾಗಿದ್ದುದನ್ನು ಯಾರಾದರೂ ಕಂಡ ಕ್ಷಣದಿಂದ. ಹಾಗಾಗಿ “ಅಮ್ಮ ಕೊನೆಗೆ ಸರಿಯಾಗಿ ಮಾತನಾಡಿದ್ದು ಯಾವಾಗ?” ಎಂಬ ಒಂದು ಪ್ರಶ್ನೆಗೆ ಮನೆಯವರು ಕೊಡುವ ಉತ್ತರ ಚಿಕಿತ್ಸೆಯನ್ನೇ ನಿರ್ಧರಿಸಬಹುದು. ಮೂವರು ರೋಗಿಗಳು, ಮೂರು ವಿಧದ ಕಾಲ. ಒಬ್ಬನ ಬಳಿ ನಿಲ್ಲಬೇಕು, ಒಬ್ಬನನ್ನು ಎತ್ತಿಕೊಂಡು ಹೊರಡಬೇಕು, ಒಬ್ಬನ ಮನೆಯವರನ್ನು ಸಮಾಧಾನದಿಂದ ವಿಚಾರಿಸಬೇಕು.

ಬಸ್ಸು ಮಗುಚಿದಂತಹ ದೊಡ್ಡ ದುರಂತದಲ್ಲಿ ಈ ವಿವೇಕಕ್ಕೆ ಕಠಿಣ ಪರೀಕ್ಷೆ ಎದುರಾಗುತ್ತದೆ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ‘ಸ್ಟಾರ್ಟ್’ ಎಂಬ ವಿಂಗಡಣಾ ಕ್ರಮದಂತೆ ಮೊದಲು ಬಂದ ಕಾರ್ಯಕರ್ತ ಒಬ್ಬೊಬ್ಬ ಗಾಯಾಳುವಿನ ಮೇಲೆ ಒಂದು ನಿಮಿಷವನ್ನೂ ಪೂರ್ತಿ ವ್ಯಯಿಸಬಾರದು. ಉಸಿರು, ರಕ್ತಸಂಚಾರ, ಪ್ರಜ್ಞೆ ಈ ಮೂರನ್ನು ನೋಡಿ ಕೆಂಪು, ಹಳದಿ, ಹಸಿರು, ಕಪ್ಪು ಪಟ್ಟಿಗಳಲ್ಲಿ ಒಂದನ್ನು ಕಟ್ಟಿ ಮುಂದೆ ಹೋಗಬೇಕು. ಜೋರಾಗಿ ಕೂಗುವವನು ಕಾಯಬಹುದು, ಏಕೆಂದರೆ ಕೂಗಲು ಅವನಲ್ಲಿ ಉಸಿರಿದೆ. ಸದ್ದಿಲ್ಲದೆ ಬಿದ್ದಿರುವವನನ್ನು ಮೊದಲು ನೋಡಬೇಕು. ದಾರಿ ತೆರೆದು ಕೊಟ್ಟರೂ ಉಸಿರಾಡದವನಿಗೆ ಕಪ್ಪು ಪಟ್ಟಿ ಕಟ್ಟಿ ಮುಂದಿನವನ ಬಳಿಗೆ ನಡೆಯಬೇಕು. ಹಾಗೆ ನಡೆದುಹೋಗುವವನನ್ನು ಕಲ್ಲೆದೆಯವನೆಂದು ಕರೆಯಬೇಡಿ. ಒಬ್ಬನ ಬಳಿ ಅವನು ಉಳಿದುಬಿಟ್ಟರೆ ಉಳಿಸಬಹುದಾಗಿದ್ದ ಮೂವರು ಹೋಗುತ್ತಾರೆ. ಆ ಕಪ್ಪು ಪಟ್ಟಿಯ ನೆನಪನ್ನು ಅವನು ಮನೆಗೆ ಹೊತ್ತುಕೊಂಡು ಹೋಗುತ್ತಾನೆ ಎಂಬುದನ್ನು ನಾವು ಮರೆಯಬಾರದು.

ಅಳೆಯುವ ಗಡಿಯಾರದ ಮಿತಿ

‘ಸುವರ್ಣ ಗಂಟೆ’ ಎಂಬ ಮಾತನ್ನು ನೀವೆಲ್ಲರೂ ಕೇಳಿರುತ್ತೀರಿ. ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ಆಡಮ್ಸ್ ಕೌಲಿ ಅದನ್ನು ಪ್ರಚಾರಕ್ಕೆ ತಂದವರು. ನಮ್ಮ ದೇಶದ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯಲ್ಲಿಯೂ ಗಾಯವಾದ ನಂತರದ ಒಂದು ಗಂಟೆ ಎಂದು ಅದಕ್ಕೆ ವ್ಯಾಖ್ಯೆಯಿದೆ. ಆದರೆ ಅರುವತ್ತನೆಯ ನಿಮಿಷದಲ್ಲಿ ಬಾಗಿಲೊಂದು ಮುಚ್ಚಿಕೊಳ್ಳುತ್ತದೆಂದು ತಿಳಿಯಬಾರದು. ನಂತರದ ಸಂಶೋಧನೆಗಳಲ್ಲಿ ಅಂತಹ ಖಚಿತವಾದ ಗಡಿ ಕಂಡುಬಂದಿಲ್ಲ. ಕೆಲವರಿಗೆ ಹತ್ತು ನಿಮಿಷವೂ ಹೆಚ್ಚು, ಕೆಲವರಿಗೆ ಎರಡು ಗಂಟೆಯೂ ಸಾಕು. ಆ ಮಾತು ಎಚ್ಚರಿಕೆಯ ಗಂಟೆಯೇ ಹೊರತು ವಿಧಿಯ ಬರಹವಲ್ಲ.

ಸಂಖ್ಯೆಯನ್ನೇ ಗುರಿಯಾಗಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಅನುಭವ ಸಾಕ್ಷಿ. ಅಲ್ಲಿ ಗಂಭೀರ ಕರೆಗಳಿಗೆ ಎಂಟು ನಿಮಿಷಗಳೊಳಗೆ ತಲುಪಬೇಕೆಂಬ ನಿಯಮವಿತ್ತು. ಯಾವುದಾದರೊಂದು ವಾಹನ ಸ್ಥಳ ತಲುಪಿದರೆ ಗಡಿಯಾರ ನಿಲ್ಲುತ್ತಿತ್ತು. ಹಾಗಾಗಿ ರೋಗಿಯನ್ನು ಸಾಗಿಸಲಾರದ ಕಾರನ್ನೋ ಬೈಕನ್ನೋ ಮೊದಲು ಕಳುಹಿಸಿ ಲೆಕ್ಕವನ್ನು ಪೂರೈಸುವುದು, ಆಮೇಲೆ ರೋಗಿ ಆಂಬುಲೆನ್ಸಿಗಾಗಿ ಕಾಯುವುದು ನಡೆಯುತ್ತಿತ್ತು. 2017ರಲ್ಲಿ ಈ ಕ್ರಮವನ್ನು ಬದಲಿಸಿ, ಪ್ರಾಣಾಪಾಯದ ಮೊದಲ ವರ್ಗದ ಕರೆಗಳಿಗೆ ಸರಾಸರಿ ಏಳು ನಿಮಿಷದ ಗುರಿಯನ್ನು ಇರಿಸಿ, ಉಳಿದ ಕರೆಗಳಲ್ಲಿ ವಾಹನ ಕಳುಹಿಸುವ ಮೊದಲು ಪ್ರಶ್ನೆ ಕೇಳಿ ತಿಳಿದುಕೊಳ್ಳಲು ಗರಿಷ್ಠ 240 ಸೆಕೆಂಡುಗಳ ಅವಕಾಶ ನೀಡಿದರು. ನಾಲ್ಕು ನಿಮಿಷ ಕೇಳುವುದರಲ್ಲಿ ಕಳೆದರೆ ತಡವಾಗದೇ ಎಂದು ನಮಗೆ ಅನ್ನಿಸಬಹುದು. ಆದರೆ ತಪ್ಪಾದ ವಾಹನ ತಪ್ಪಾದ ಸ್ಥಳಕ್ಕೆ ಹೋಗುವುದು ತಪ್ಪಿದಾಗ ಅಗತ್ಯವಿರುವವನಿಗೆ ವಾಹನ ಉಳಿಯುತ್ತದೆ. 108ಕ್ಕೆ ಕರೆ ಮಾಡಿದಾಗ “ಎಷ್ಟೊಂದು ಪ್ರಶ್ನೆ ಕೇಳುತ್ತಾರಪ್ಪಾ” ಎಂದು ನಾವು ಸಿಡಿಮಿಡಿಗೊಳ್ಳುವಾಗ ಇದನ್ನು ನೆನೆಯಬೇಕು.

ವೇಗಕ್ಕೂ ಇದೇ ಮಾತು. 2020ರ ಫೆಬ್ರವರಿಯಲ್ಲಿ ನಲವತ್ತು ದಿನಗಳ ಹಸುಳೆಯೊಂದನ್ನು ಹೃದಯದ ಶಸ್ತ್ರಚಿಕಿತ್ಸೆಗಾಗಿ ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು ನಾಲ್ಕೂವರೆ ಗಂಟೆಗಳಲ್ಲಿ ತಲುಪಿಸಿದ ಆಂಬುಲೆನ್ಸಿನ ಪಯಣವನ್ನು ಇಡೀ ರಾಜ್ಯ ಉಸಿರು ಬಿಗಿಹಿಡಿದು ನೋಡಿತು. ಊರೂರಿನ ಪೊಲೀಸರೂ ಯುವಕರೂ ನಿಂತು ದಾರಿ ಬಿಡಿಸಿದರು. ಅದು ಹೆಮ್ಮೆಪಡುವಂತಹ ಸಂಗತಿಯೇ. ಆದರೆ ಪ್ರತಿದಿನದ ಕರೆಗಳಲ್ಲಿ ಸೈರನ್ನು ಉಳಿಸಿಕೊಡುವುದು ಕೆಲವೇ ನಿಮಿಷಗಳನ್ನು. ಅಪಘಾತದ ಅಪಾಯವನ್ನಂತೂ ಅದು ಹೆಚ್ಚಿಸುತ್ತದೆ. ವಾಹನ ಕುಲುಕಾಡುವಾಗ ಒಳಗೆ ಎದೆಯೊತ್ತುವವನು ನೆಟ್ಟಗೆ ನಿಲ್ಲಲಾರ. ರೋಗಿಯ ಸ್ಥಿತಿ ಅನುಮತಿಸಿದಾಗ ನಿಧಾನವಾಗಿ ಚಲಾಯಿಸುವ ಪೈಲಟನೂ ತನ್ನ ಕರ್ತವ್ಯವನ್ನೇ ಮಾಡುತ್ತಿದ್ದಾನೆ.

ಕಾರ್ಯಕರ್ತನ ಸ್ವಂತ ಸಮಯ

ಇತರರ ನಿಮಿಷಗಳನ್ನು ಕಾಯುವವನ ಗಂಟೆಗಳನ್ನು ಕಾಯುವವರು ಯಾರು? ನಮ್ಮಲ್ಲಿ ಆಂಬುಲೆನ್ಸ್ ಸಿಬ್ಬಂದಿಯ ಪಾಳಿ ಹೆಚ್ಚಾಗಿ ಹನ್ನೆರಡು ಗಂಟೆಗಳದು. ಪಾಳಿ ಮುಗಿಯಲು ಹತ್ತು ನಿಮಿಷವಿರುವಾಗ ಬಂದ ಕರೆಯನ್ನು ನಿರಾಕರಿಸುವಂತಿಲ್ಲ. ಊಟದ ಡಬ್ಬಿ ತೆರೆದಾಗ ಕರೆ ಬಂದರೆ ಡಬ್ಬಿ ಮುಚ್ಚಬೇಕು. ಕರೆಗಳ ನಡುವಿನ ಬಿಡುವೂ ಪೂರ್ತಿ ಬಿಡುವಲ್ಲ, ಕಿವಿ ಫೋನಿನ ಕಡೆಗೇ ಇರುತ್ತದೆ.

1997ರಲ್ಲಿ ಪ್ರಕಟವಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರ ಅಧ್ಯಯನದಂತೆ, ಸತತವಾಗಿ 17 ಗಂಟೆ ಎಚ್ಚರವಿದ್ದವನ ಚುರುಕುತನ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಕಾನೂನಿನಲ್ಲಿ ಚಾಲಕನ ರಕ್ತದಲ್ಲಿ ಶೇಕಡಾ 0.03ಕ್ಕಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. ಕುಡಿದ ಚಾಲಕನ ಕೈಗೆ ನಾವು ಆಂಬುಲೆನ್ಸನ್ನು ಕೊಡುವುದಿಲ್ಲ. ನಿದ್ದೆಗೆಟ್ಟವನ ಕೈಗೆ ಯೋಚಿಸದೆ ಕೊಡುತ್ತೇವೆ. 2018ರಲ್ಲಿ ಅಮೆರಿಕದಲ್ಲಿ ತುರ್ತು ಸೇವೆಯ ಸಿಬ್ಬಂದಿಗಾಗಿ ಹೊರತಂದ ಮಾರ್ಗಸೂಚಿಯು ಪಾಳಿ 24 ಗಂಟೆಗಳಿಗಿಂತ ಕಡಿಮೆಯಿರಲಿ, ಪಾಳಿಯ ನಡುವೆ ಚಿಕ್ಕ ನಿದ್ರೆಗೆ ಅವಕಾಶವಿರಲಿ, ಆಯಾಸವನ್ನು ಅಳೆಯುವ ಕ್ರಮವಿರಲಿ ಎಂದು ಸಲಹೆ ನೀಡಿದೆ. ಕರೆಯಿಲ್ಲದ ವೇಳೆಯಲ್ಲಿ ವಾಹನದೊಳಗೆ ಒರಗಿ ಕಣ್ಣು ಮುಚ್ಚಿದ ಸಿಬ್ಬಂದಿಯನ್ನು ಕಂಡು “ಸರಕಾರದ ಸಂಬಳ, ಗೊರಕೆ ಹೊಡೆಯುವ ಕೆಲಸ” ಎಂದು ಆಡಿಕೊಳ್ಳುವವರು ಇದನ್ನು ತಿಳಿಯಬೇಕು. ಆ ಇಪ್ಪತ್ತು ನಿಮಿಷದ ನಿದ್ರೆ ಮುಂದಿನ ರೋಗಿಗಾಗಿ ಇರಿಸಿದ ಠೇವಣಿ.

ನಾನು ಹೇಳಿದ ಆ ಯುವಕನ ಮಗಳಿಗೆ ಪ್ರಥಮ ಪರಮಪ್ರಸಾದದ ದಿನ ಬಂದಿತ್ತು. ಅವನು ರಜೆ ಪಡೆಯಲು ಒಂದು ತಿಂಗಳು ಮೊದಲೇ ಸಹೋದ್ಯೋಗಿಯೊಡನೆ ಪಾಳಿ ಬದಲಿಸಿಕೊಂಡಿದ್ದ. ಹಿಂದಿನ ರಾತ್ರಿಯ ಪಾಳಿಯ ಕೊನೆಯ ಕರೆ ಅವನನ್ನು ನಲವತ್ತು ಕಿಲೋಮೀಟರ್ ದೂರಕ್ಕೆ ಒಯ್ದಿತು. ಪೂಜೆ ಮುಗಿಯುವ ವೇಳೆಗೆ ಅವನು ಸಮವಸ್ತ್ರದಲ್ಲಿಯೇ ಬಂದು ಹಿಂಬದಿಯ ಬಾಗಿಲಲ್ಲಿ ನಿಂತನಂತೆ. “ಮಗಳು ಅತ್ತಳೇ?” ಎಂದು ಕೇಳಿದೆ. “ಅವಳು ಅಳಲಿಲ್ಲ ಫಾದರ್. ಪಪ್ಪಾ, ಅವರು ಬದುಕಿದರಾ ಎಂದು ಕೇಳಿದಳು” ಎಂದ. ಅವನ ಸಮಯವನ್ನು ಅವನ ಕುಟುಂಬವೂ ಕೊಡುತ್ತಿದೆ ಎಂದು ಆಗ ನನಗೆ ಅರಿವಾಯಿತು. ಆದುದರಿಂದಲೇ ಅವನು ಒಂದು ನಿಯಮವನ್ನು ಇಟ್ಟುಕೊಂಡಿದ್ದಾನೆ. ಪಾಳಿ ಮುಗಿದ ಮೇಲೆ ಮನೆಯ ಗೇಟಿನ ಹೊರಗೆ ಬೈಕನ್ನು ನಿಲ್ಲಿಸಿ ಐದು ನಿಮಿಷ ಸುಮ್ಮನೆ ಕುಳಿತು, ಬಳಿಕ ಒಳಗೆ ಹೋಗುತ್ತಾನೆ. ಆ ದಿನದ ರೋಗಿಗಳನ್ನು ಗೇಟಿನ ಹೊರಗೆ ಬಿಡಲು ಅಷ್ಟು ಸಮಯ ಬೇಕಂತೆ.

ನಮ್ಮಿಂದ ಕಳೆದುಹೋಗುವ ನಿಮಿಷಗಳು

ಇಷ್ಟೆಲ್ಲ ಹೇಳಿದ ಮೇಲೆ ನನ್ನದೇ ಒಂದು ತಪ್ಪನ್ನು ಹೇಳದಿದ್ದರೆ ಈ ಬರಹ ಪೂರ್ಣವಾಗದು. ಕೆಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ವಾರ್ಷಿಕ ಹಬ್ಬದ ಹಿಂದಿನ ಸಂಜೆಯ ಪ್ರಾರ್ಥನೆ ನಡೆಯುತ್ತಿತ್ತು. ಚರ್ಚಿನ ಕಿರಿದಾದ ರಸ್ತೆಯ ಎರಡೂ ಬದಿಗಳಲ್ಲಿ ವಾಹನಗಳು ಸಾಲುಗಟ್ಟಿದ್ದುವು. ಒಂದು ಬದಿಯನ್ನು ಖಾಲಿ ಬಿಡಿಸೋಣವೆಂದು ಯುವಜನರು ವಾರದ ಮೊದಲೇ ಹೇಳಿದ್ದರು. “ಒಂದೆರಡು ಗಂಟೆಯ ಮಾತು, ಏನಾಗುತ್ತದೆ?” ಎಂದು ನಾನೇ ತಳ್ಳಿಹಾಕಿದ್ದೆ. ಆ ಸಂಜೆ ಚರ್ಚಿನಾಚೆಯ ಮನೆಯೊಂದರಲ್ಲಿ ಹಿರಿಯರೊಬ್ಬರಿಗೆ ಎದೆನೋವು ಬಂದಿತು. ಆಂಬುಲೆನ್ಸ್ ಬೇಗನೆ ಬಂದಿತು, ಆದರೆ ಚರ್ಚಿನ ಗೇಟಿನ ಬಳಿ ಸಿಕ್ಕಿಕೊಂಡಿತು. ನಾನು ಧ್ವನಿವರ್ಧಕದಲ್ಲಿ ಒಂದು ಕಾರಿನ ಸಂಖ್ಯೆಯನ್ನು ಮೂರು ಬಾರಿ ಕೂಗಿದೆ. ಕಾರಿನ ಒಡೆಯರು ಜನಜಂಗುಳಿಯ ನಡುವೆ ಎಲ್ಲೋ ಇದ್ದರು. ಸಿಬ್ಬಂದಿ ಕಾಯಲಿಲ್ಲ. ಚೀಲವನ್ನು ಹೆಗಲಿಗೇರಿಸಿ, ಸ್ಟ್ರೆಚರನ್ನು ಎತ್ತಿಕೊಂಡು, ವಾಹನಗಳ ಸಂದಿಯಲ್ಲಿ ಮುನ್ನೂರು ಮೀಟರ್ ನಡೆದುಹೋದರು. ರೋಗಿಯನ್ನು ಹಾಗೆಯೇ ಹೊತ್ತು ತಂದರು.

ಆ ಹಿರಿಯರು ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಕಳೆದುಹೋದ ಆ ನಿಮಿಷಗಳಿಂದಲೇ ಹೀಗಾಯಿತೆಂದು ಯಾರೂ ಹೇಳಲಾರರು ಎಂದು ವೈದ್ಯರು ನನ್ನನ್ನು ಸಮಾಧಾನಪಡಿಸಿದರು. ಅವರ ಮಾತು ಸತ್ಯ. ಆದರೆ ಅದರಿಂದಲೇ ಅಲ್ಲವೆಂದೂ ಯಾರೂ ಹೇಳಲಾರರು. ಅವರ ಅಂತ್ಯಕ್ರಿಯೆಯ ಪೂಜೆಯನ್ನು ಅರ್ಪಿಸಿದವನು ನಾನೇ. ಅವರ ಮಡದಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ. ಮರುವರ್ಷದಿಂದ ಅಲ್ಲಿ ಹಬ್ಬದ ದಿನ ರಸ್ತೆಯ ಒಂದು ಬದಿಗೆ ಹಗ್ಗ ಕಟ್ಟುತ್ತಾರೆ. ಇಬ್ಬರು ಸ್ವಯಂಸೇವಕರು ಪ್ರತಿಯೊಂದು ವಾಹನದ ಸಂಖ್ಯೆಯನ್ನೂ ಒಡೆಯರ ಫೋನನ್ನೂ ಬರೆದಿಡುತ್ತಾರೆ. ಹಗ್ಗದ ಬೆಲೆ ನೂರು ರೂಪಾಯಿಯೂ ಇರಲಿಲ್ಲ.

ಆದುದರಿಂದ ಕುಟುಂಬಗಳಲ್ಲಿ ನನ್ನ ವಿನಂತಿ ಇಷ್ಟು. ಮನೆಯಲ್ಲಿ ಯಾರಿಗಾದರೂ ಅಪಾಯವಾದರೆ ಮೊದಲು 108ಕ್ಕೆ ಕರೆ ಮಾಡಿ. ನೆಂಟರಿಗೆ, ನೆರೆಯವರಿಗೆ, ಗುರುಮನೆಗೆ ಆಮೇಲೆ. ಕರೆ ಸ್ವೀಕರಿಸಿದವರು ಕೇಳುವ ಪ್ರಶ್ನೆಗಳಿಗೆ ಒಬ್ಬರೇ ಸಾವಧಾನವಾಗಿ ಉತ್ತರಿಸಿ. ಅವರು ಇಡಿ ಎನ್ನುವ ತನಕ ಫೋನ್ ಇಡಬೇಡಿ. ತೋಟದ ನಡುವೆ ಮನೆಯಿದ್ದರೆ ಶಾಲೆ, ಅಂಗಡಿ, ಶಿಲುಬೆಗುಡಿ ಇವುಗಳ ಗುರುತು ಹೇಳಿ, ಒಬ್ಬರನ್ನು ಟಾರ್ಚಿನೊಡನೆ ಮುಖ್ಯರಸ್ತೆಗೆ ಕಳುಹಿಸಿ. ಗೇಟು ತೆರೆದಿಡಿ, ಅಂಗಳದ ದೀಪ ಹಚ್ಚಿ, ನಾಯಿಯನ್ನು ಕಟ್ಟಿ. ಹಿರಿಯರ ಔಷಧ ಚೀಟಿಗಳೆಲ್ಲ ಒಂದೇ ಕಡತದಲ್ಲಿ ಸದಾ ಸಿದ್ಧವಾಗಿರಲಿ. ತೊಂದರೆ ಆರಂಭವಾದ ವೇಳೆಯನ್ನು ಬರೆದಿಡಿ. ಸಣ್ಣ ಕಾಯಿಲೆಗೆ ಉಚಿತ ವಾಹನವೆಂದು 108ನ್ನು ಕರೆಯಬೇಡಿ. ರೋಗಿಗೆ ಪ್ರಜ್ಞೆಯಿಲ್ಲದೆ, ಸಹಜವಾದ ಉಸಿರಾಟವೂ ಇಲ್ಲದಿದ್ದರೆ, ಆಂಬುಲೆನ್ಸ್ ಬರುವವರೆಗೆ ಎದೆಯ ನಡುವೆ ಎರಡೂ ಅಂಗೈಗಳನ್ನಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಧರ್ಮಕೇಂದ್ರದ ಸಂಘಗಳು ವರ್ಷಕ್ಕೊಮ್ಮೆಯಾದರೂ ಇದರ ತರಬೇತಿ ಏರ್ಪಡಿಸಿದರೆ ಅದಕ್ಕಿಂತ ದೊಡ್ಡ ಸಮಾಜಸೇವೆ ಇಲ್ಲ.

ರಸ್ತೆಯಲ್ಲಿ ಆಂಬುಲೆನ್ಸಿಗೆ ದಾರಿ ಬಿಡದವರಿಗೆ 2019ರ ತಿದ್ದುಪಡಿಯಂತೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಹತ್ತು ಸಾವಿರ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಗಾಯಾಳುವಿಗೆ ನೆರವಾದರೆ ಪೊಲೀಸ್ ಠಾಣೆ, ನ್ಯಾಯಾಲಯವೆಂದು ಅಲೆಯಬೇಕಾದೀತು ಎಂಬ ಹಳೆಯ ಭಯವೂ ಈಗ ಬೇಕಿಲ್ಲ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಅಂತಹವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿತು. 2019ರ ತಿದ್ದುಪಡಿಯ 134ಎ ವಿಧಿ ಅದನ್ನು ದೃಢಪಡಿಸಿತು. ನೆರವಾದವರನ್ನು ಈ ಕಾನೂನು ಕರೆಯುವುದು ‘ಒಳ್ಳೆಯ ಸಮಾರಿಯದವನು’ ಎಂದೇ.

ಆ ಹೆಸರು ಯಾವ ಕಥೆಯಿಂದ ಬಂದುದೆಂದು ನಮ್ಮ ಮಕ್ಕಳಿಗೂ ಗೊತ್ತು. ಜೆರುಸಲೇಮಿನಿಂದ ಜೆರಿಕೋವಿಗೆ ಹೋಗುವ ದಾರಿಯಲ್ಲಿ ಗಾಯಾಳುವನ್ನು ಕಂಡು ಹಾದುಹೋದವರಿಗೂ ಕೆಲಸವಿತ್ತು, ಸಮಯವಿರಲಿಲ್ಲ. ಸಮಾರಿಯದವನಿಗೂ ತನ್ನ ಪಯಣವಿತ್ತು. ಆದರೂ ಅವನು ನಿಂತ. ಇದ್ದಲ್ಲಿಯೇ ಗಾಯಗಳನ್ನು ಕಟ್ಟಿದ. ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ. ಮರುದಿನ ಛತ್ರದವನಿಗೆ ಹಣ ಕೊಟ್ಟು, ನೋಡಿಕೊಳ್ಳಬೇಕಾದುದನ್ನು ಹೇಳಿ, ತಾನು ಮರಳಿ ಬರುವೆನೆಂದು ಮಾತು ಕೊಟ್ಟು ತನ್ನ ದಾರಿ ಹಿಡಿದ. ಸ್ಥಳದಲ್ಲಿ ಚಿಕಿತ್ಸೆ, ಸಾಗಾಟ, ಕ್ರಮವಾದ ಹಸ್ತಾಂತರ, ಮುಂದಿನ ಪಯಣ. ನಮ್ಮ ಆಂಬುಲೆನ್ಸ್ ಸಿಬ್ಬಂದಿ ದಿನನಿತ್ಯ ಮಾಡುವುದೂ ಇದನ್ನೇ. ಅವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಮುಂದಿನ ಬಾರಿ ಹಿಂದಿನಿಂದ ಸೈರನ್ ಕೇಳಿದಾಗ ವಾಹನವನ್ನು ಬದಿಗೆ ಸರಿಸಿ ಒಂದು ಕ್ಷಣ ನಿಲ್ಲಿ. ಒಳಗಿರುವ ರೋಗಿಗಾಗಿ ಪ್ರಾರ್ಥಿಸಿ. ಅವನ ಪಕ್ಕದಲ್ಲಿ ಬಾಗಿ ನಿಂತು, ಊಟ ನಿದ್ದೆ ಬಿಟ್ಟು, ಅವನ ಉಸಿರುಗಳನ್ನು ಎಣಿಸುತ್ತಿರುವವನಿಗಾಗಿಯೂ ಪ್ರಾರ್ಥಿಸಿ. ಅದಕ್ಕೆ ಅರ್ಧ ನಿಮಿಷ ಸಾಕು.